ಶ್ರೀ ಭಾಸ್ಕರಾಚಾರ್ಯರು ಮತ್ತು ಗತಿಯ ವಿಚಾರ

ಶಿರಸಿಯ ಬಸ್ ನಿಲ್ದಾಣದಲ್ಲಿ ಯಲ್ಲಾಪುರದ ಬಸ್ಸೂ ಸಿದ್ದಾಪುರದ ಬಸ್ಸೂ ಒಂದರ ಮಗ್ಗುಲಿಗೆ ಇನ್ನೊಂದು ನಿಂತಿರುವಾಗ, ಕಿಟಕಿಯ ಪಕ್ಕ ಕುಳಿತ ಬಾಲಕನಿಗೆ ಒಮ್ಮೊಮ್ಮೆ ಒಂದು ವಿಚಿತ್ರ ಭ್ರಮೆಯಾಗುತ್ತದೆ. ತನ್ನ ಬಸ್ಸು ಹೊರಟಿತೆಂದು ಅವನು ಹಿಗ್ಗುತ್ತಾನೆ. ಮರುಕ್ಷಣದಲ್ಲಿ ಪಕ್ಕದ ಬಸ್ಸು ಸರಿದು ಹೋಗಿ, ಅದರಾಚೆಗಿನ ಕಂಬವು ಕದಲದೆ ನಿಂತಿರುವುದು ಕಾಣಿಸಿದಾಗ, ಹೊರಟದ್ದು ಅದು, ನಿಂತದ್ದು ತಾನು ಎಂದು ತಿಳಿಯುತ್ತದೆ. ಆ ಕಂಬವೊಂದು ಇಲ್ಲದಿದ್ದರೆ ಹೊರಟವರು ಯಾರು, ನಿಂತವರು ಯಾರು ಎಂಬುದನ್ನು ಅವನು ಹೇಗೆ ನಿರ್ಣಯಿಸಬೇಕು? ನಾನು ಅವನನ್ನು ಬಿಟ್ಟು ಯಾವ ವೇಗದಿಂದ ಸರಿಯುತ್ತಿರುವೆನೋ, ಅವನೂ ನನ್ನನ್ನು ಬಿಟ್ಟು ಅದೇ ವೇಗದಿಂದ ಸರಿಯುತ್ತಿರುವನೇ? ಕೇಳಲು ಸುಲಭವಾದ ಈ ಪ್ರಶ್ನೆಯ ಹಿಂದೆ ಆಕಾಶವೆಲ್ಲ ಅಡಗಿದೆ. ಪ್ರಾಚೀನ ಭಾರತದ ಜ್ಯೋತಿರ್ಗಣಿತವು ಈ ಪ್ರಶ್ನೆಯನ್ನು ಎಷ್ಟು ದೂರ ಕೊಂಡೊಯ್ದಿತು, ಎಲ್ಲಿ ನಿಂತಿತು ಎಂಬುದನ್ನು ಅರಿಯಬೇಕಾದರೆ ಪ್ರಾತಃಸ್ಮರಣೀಯರಾದ ಶ್ರೀ ಭಾಸ್ಕರಾಚಾರ್ಯರ ಜೀವನವನ್ನೂ ಕೃತಿಗಳನ್ನೂ ಅವಲೋಕಿಸಬೇಕು.

ಜನನ ಮತ್ತು ವಂಶ

ಭಾಸ್ಕರಾಚಾರ್ಯರು ಹುಟ್ಟಿದ್ದು ಶಾಲಿವಾಹನ ಶಕ 1036ರಲ್ಲಿ, ಅಂದರೆ ಕ್ರಿ.ಶ. 1114ರಲ್ಲಿ. ನಮ್ಮ ಪ್ರಾಚೀನ ವಿದ್ವಾಂಸರಲ್ಲಿ ಬಹುಮಂದಿಯ ಕಾಲವನ್ನು ಊಹೆಯಿಂದ ಕಟ್ಟಬೇಕಾಗಿದೆ. ಆದರೆ ಕಾಲಗಣನೆಯನ್ನೇ ಉಸಿರಾಗಿಸಿಕೊಂಡ ಈ ಮಹನೀಯರು ತಮ್ಮ ಜನ್ಮದ ವರ್ಷವನ್ನೂ ಗ್ರಂಥ ರಚಿಸಿದಾಗಿನ ವಯಸ್ಸನ್ನೂ ತಾವೇ ಬರೆದಿಟ್ಟು ಉಪಕರಿಸಿದ್ದಾರೆ. ಗೋತ್ರ ಶಾಂಡಿಲ್ಯ. ತಂದೆ ಮಹೇಶ್ವರರು, ಅವರೇ ಭಾಸ್ಕರರಿಗೆ ವಿದ್ಯಾಗುರುಗಳೂ ಆಗಿದ್ದರು. ಸಹ್ಯಪರ್ವತವನ್ನು ಆಶ್ರಯಿಸಿದ ವಿಜ್ಜಡವಿಡವೆಂಬ ಪುರವು ತಮ್ಮ ಊರೆಂದು ಆಚಾರ್ಯರು ಹೇಳಿಕೊಂಡಿದ್ದಾರೆ. ಇದನ್ನು ಬಿಜ್ಜಳಬೀಡು ಎಂದು ಓದಿ ಇಂದಿನ ವಿಜಯಪುರವೇ ಆ ಊರೆಂದು ಒಪ್ಪಿದ ವಿದ್ವಾಂಸರು ಉಂಟು. ಮಹಾರಾಷ್ಟ್ರದ ಚಾಳೀಸಗಾಂವ್ ಬಳಿಯ ಪಾಟಣದ ಸಮೀಪದಲ್ಲಿ ಅದನ್ನು ಗುರುತಿಸಿದವರೂ ಉಂಟು. ಅದು ಹೇಗೇ ಇರಲಿ, ಅವರು ಹೆಸರಿಸಿದ ಆ ಸಹ್ಯಾದ್ರಿಯೇ ಶಿರಸಿ, ಸಿದ್ದಾಪುರ, ಯಲ್ಲಾಪುರಗಳನ್ನು ತನ್ನ ಮಡಿಲಲ್ಲಿಟ್ಟುಕೊಂಡು ದಕ್ಷಿಣಕ್ಕೆ ಸಾಗಿದೆ.

ಅದು ದಖ್ಖನಿನಲ್ಲಿ ವಿದ್ಯೆಯು ಬಹುಮುಖವಾಗಿ ಅರಳಿದ ಶತಮಾನ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸವನ್ನು ರಚಿಸಿದ ಶತಮಾನ. ಬಸವಾದಿ ಶರಣರು ಅದೇ ಕಲ್ಯಾಣದಲ್ಲಿ ಅನುಭವವನ್ನು ತಿಳಿಗನ್ನಡದಲ್ಲಿ ನುಡಿದ ಶತಮಾನ. ರಾಜಾದಿತ್ಯನು ಗಣಿತವನ್ನು ಕನ್ನಡಕ್ಕೆ ತಂದ ಶತಮಾನ. ಭಾಸ್ಕರರದು ಪಂಡಿತರ ಮನೆ. ಮುತ್ತಾತಂದಿರಿಂದ ಮೊಮ್ಮಕ್ಕಳವರೆಗೆ ಆ ಮನೆಯ ತಲೆಮಾರುಗಳ ಹೆಸರು ಪಾಟಣದ ಶಿಲಾಶಾಸನದಲ್ಲಿ ಉಳಿದು ಬಂದಿದೆ: ತ್ರಿವಿಕ್ರಮ, ಭಾಸ್ಕರಭಟ್ಟ, ಗೋವಿಂದ, ಪ್ರಭಾಕರ, ಮನೋರಥ, ಮಹೇಶ್ವರ, ಬಳಿಕ ನಮ್ಮ ಭಾಸ್ಕರಾಚಾರ್ಯರು.

ಸಿದ್ಧಾಂತಶಿರೋಮಣಿ

ಕ್ರಿ.ಶ. 1150ರಲ್ಲಿ, ತಮ್ಮ ಮೂವತ್ತಾರನೆಯ ವಯಸ್ಸಿನಲ್ಲಿ, ಆಚಾರ್ಯರು ಸಿದ್ಧಾಂತಶಿರೋಮಣಿಯನ್ನು ರಚಿಸಿದರು. ಲೀಲಾವತೀ, ಬೀಜಗಣಿತ, ಗ್ರಹಗಣಿತ, ಗೋಲಾಧ್ಯಾಯ ಎಂಬ ನಾಲ್ಕು ಭಾಗಗಳು. ಮೊದಲನೆಯದರಲ್ಲಿ ಅಂಕಗಣಿತ ಮತ್ತು ಕ್ಷೇತ್ರಗಣಿತ, ಎರಡನೆಯದರಲ್ಲಿ ಅವ್ಯಕ್ತ ರಾಶಿಗಳ ಗಣಿತ, ಮೂರನೆಯದರಲ್ಲಿ ಗ್ರಹಗಳ ಸ್ಥಾನ, ಗತಿ, ಗ್ರಹಣ, ಯುತಿ ಮೊದಲಾದವು, ನಾಲ್ಕನೆಯದರಲ್ಲಿ ಭೂಗೋಲ ಖಗೋಲಗಳ ಸ್ವರೂಪ ಮತ್ತು ಹಿಂದಿನ ಭಾಗದ ವಿಧಿಗಳಿಗೆ ಉಪಪತ್ತಿ. ವಿಧಿಯನ್ನು ಮಾತ್ರ ಹೇಳಿ ಸುಮ್ಮನಾಗದೆ ಅದು ಏಕೆ ಹಾಗೆ ಎಂಬುದನ್ನೂ ಬಿಡಿಸಿ ಹೇಳುವ ವಾಸನಾಭಾಷ್ಯವನ್ನು ತಾವೇ ಬರೆದುದು ಅವರ ಅಧ್ಯಾಪಕ ಸ್ವಭಾವಕ್ಕೆ ಸಾಕ್ಷಿ.

ಲೀಲಾವತಿಯು ಆಚಾರ್ಯರ ಮಗಳೆಂದೂ, ಮುಹೂರ್ತ ನೋಡುವ ಜಲಯಂತ್ರದಲ್ಲಿ ಮುತ್ತೊಂದು ಬಿದ್ದು ಅವಳ ವಿವಾಹದ ಗಳಿಗೆ ತಪ್ಪಿತೆಂದೂ ಒಂದು ಕಥೆ ಜನಜನಿತವಾಗಿದೆ. ಅಕ್ಬರ್ ಬಾದಶಹನ ಅಪ್ಪಣೆಯಂತೆ 1587ರಲ್ಲಿ ಫೈಜಿಯು ಮಾಡಿದ ಪಾರ್ಸಿ ಅನುವಾದದೊಡನೆ ಪ್ರಚಾರಕ್ಕೆ ಬಂದ ಕಥೆ ಅದು. ಆಚಾರ್ಯರ ಗ್ರಂಥದಲ್ಲಿ ಅದಿಲ್ಲ. ಗ್ರಂಥದಲ್ಲಿರುವುದು ಕಥೆಗಿಂತ ಮಿಗಿಲಾದ ಸೊಗಸು. ಒಂದು ಉದಾಹರಣೆಯನ್ನು ನೋಡಬಹುದು. ಒಂಬತ್ತು ಮೊಳ ಎತ್ತರದ ಕಂಬದ ಬುಡದಲ್ಲಿ ಹಾವಿನ ಹುತ್ತ. ಕಂಬದ ತುದಿಯಲ್ಲಿ ನವಿಲು. ಕಂಬದ ಮೂರರಷ್ಟು ದೂರದಲ್ಲಿ, ಅಂದರೆ ಇಪ್ಪತ್ತೇಳು ಮೊಳದಾಚೆ, ಹಾವೊಂದು ತನ್ನ ಹುತ್ತದತ್ತ ಬರುತ್ತಿದೆ. ನವಿಲು ಓರೆಯಾಗಿ ಅದರ ಮೇಲೆರಗುತ್ತದೆ. ಇಬ್ಬರ ಗತಿಯೂ ಸಮ. ಹುತ್ತದಿಂದ ಎಷ್ಟು ದೂರದಲ್ಲಿ ಅವು ಕೂಡುತ್ತವೆ? ಉತ್ತರ ಹನ್ನೆರಡು ಮೊಳ. ಎರಡೂ ಹದಿನೈದು ಹದಿನೈದು ಮೊಳ ಚಲಿಸಿರುತ್ತವೆ. ಭುಜ, ಕೋಟಿ, ಕರ್ಣಗಳ ಪಾಠಕ್ಕಾಗಿ ಹೇಳಿದ ಲೆಕ್ಕವಿದು. ಆದರೂ ಇದರಲ್ಲಿ ಇನ್ನೊಂದು ಮರ್ಮವಿದೆ. ಹಾವಿನ ಕಣ್ಣಿಗೆ ನವಿಲು ಎಷ್ಟು ಬೇಗ ಹತ್ತಿರವಾಗುತ್ತದೆಯೋ, ನವಿಲಿನ ಕಣ್ಣಿಗೆ ಹಾವೂ ಅಷ್ಟೇ ಬೇಗ ಹತ್ತಿರವಾಗುತ್ತದೆ. ಬೇಟೆಯೂ ಬೇಟೆಗಾರನೂ ಬೇರೆಯಾದರೂ ಅವರ ನಡುವಣ ಅಂತರ ಒಂದೇ. ಅದು ಕುಗ್ಗುವ ವೇಗವೂ ಒಂದೇ.

ಗತ್ಯಂತರದ ಸೂತ್ರ

ಈ ಮರ್ಮವನ್ನು ಭಾಸ್ಕರಾಚಾರ್ಯರು ಆಕಾಶದಲ್ಲಿ ಪೂರ್ಣವಾಗಿ ಬಳಸಿಕೊಂಡರು. ಮನೆಮನೆಯ ಗೋಡೆಯ ಮೇಲೆ ತೂಗುವ ಪಂಚಾಂಗವನ್ನೇ ತೆಗೆದುಕೊಳ್ಳಬಹುದು. ತಿಥಿಯೆಂದರೇನು? ಅದು ಸೂರ್ಯನೊಬ್ಬನ ಗತಿಯಲ್ಲ, ಚಂದ್ರನೊಬ್ಬನ ಗತಿಯೂ ಅಲ್ಲ. ಅವರಿಬ್ಬರ ಗತಿಗಳ ಅಂತರ. ನಕ್ಷತ್ರಮಂಡಲದಲ್ಲಿ ಸೂರ್ಯನು ಸರಾಸರಿ ದಿನಕ್ಕೆ 59 ಕಲೆ 8 ವಿಕಲೆಗಳಷ್ಟು ಪೂರ್ವಕ್ಕೆ ಸರಿಯುತ್ತಾನೆ. ಚಂದ್ರನು 790 ಕಲೆ 35 ವಿಕಲೆಗಳಷ್ಟು. ಅಂತರ 731 ಕಲೆ 27 ವಿಕಲೆ. ಚಂದ್ರನು ಸೂರ್ಯನಿಂದ ಹನ್ನೆರಡು ಅಂಶ, ಅಂದರೆ 720 ಕಲೆ ದೂರ ಸರಿದರೆ ಒಂದು ತಿಥಿ. ಆದ್ದರಿಂದ ತಿಥಿಯ ಸರಾಸರಿ ಅವಧಿ 59 ಘಳಿಗೆಗಿಂತ ತುಸು ಹೆಚ್ಚು. ಇಡೀ ವೃತ್ತದ 21600 ಕಲೆಗಳನ್ನು ಇದೇ ಅಂತರದಿಂದ ಭಾಗಿಸಿದರೆ ಇಪ್ಪತ್ತೊಂಬತ್ತೂವರೆ ದಿನಗಳ ಚಾಂದ್ರಮಾಸ ದೊರೆಯುತ್ತದೆ.

ಈಗ ಲೆಕ್ಕವನ್ನು ತಿರುಗಿಸಿ ನೋಡಬೇಕು. ಸೂರ್ಯನನ್ನು ನಿಲ್ಲಿಸಿ ಚಂದ್ರನು 731 ಕಲೆ 27 ವಿಕಲೆಗಳಷ್ಟು ಮುಂದಕ್ಕೆ ಹೋಗುತ್ತಾನೆಂದು ಹೇಳುವ ಬದಲು, ಚಂದ್ರನನ್ನು ನಿಲ್ಲಿಸಿ ಸೂರ್ಯನು ಅಷ್ಟೇ ಹಿಂದಕ್ಕೆ ಹೋಗುತ್ತಾನೆಂದು ಹೇಳಿದರೂ ಅಮಾವಾಸ್ಯೆಯು ಅದೇ ಗಳಿಗೆಗೆ ಬರುತ್ತದೆ. ದಿಕ್ಕು ಬದಲಾಯಿತು, ಮೊತ್ತ ಬದಲಾಗಲಿಲ್ಲ. ಇಂದಿನ ಪಠ್ಯಪುಸ್ತಕಗಳು ಸಾಪೇಕ್ಷ ವೇಗವು ಪರಸ್ಪರ ಸಮಾನ, ದಿಕ್ಕಿನಲ್ಲಿ ವಿರುದ್ಧ ಎಂದು ಹೇಳುವುದು ಇದನ್ನೇ.

ಎರಡು ಗ್ರಹಗಳು ಕೂಡುವ ಕಾಲವನ್ನು ಹೇಳುವ ಗ್ರಹಯುತಿಯ ಪ್ರಕರಣದಲ್ಲಿ ಆಚಾರ್ಯರು ಈ ತತ್ತ್ವಕ್ಕೆ ಸ್ಪಷ್ಟವಾದ ವಿಧಿಯ ರೂಪ ಕೊಟ್ಟಿದ್ದಾರೆ. ಎರಡು ಗ್ರಹಗಳ ನಡುವಣ ದೂರದ ಕಲೆಗಳನ್ನು ಅವುಗಳ ದಿನಗತಿಗಳ ಅಂತರದಿಂದ ಭಾಗಿಸಬೇಕು. ಒಂದು ಗ್ರಹವು ವಕ್ರಗತಿಯಲ್ಲಿದ್ದರೆ ಅಂತರದ ಬದಲು ಗತಿಗಳ ಮೊತ್ತದಿಂದ ಭಾಗಿಸಬೇಕು. ಬಂದ ಫಲವೇ ದಿನಗಳು. ನಿಧಾನಗತಿಯ ಗ್ರಹವು ಹಿಂದಿದ್ದರೆ ಯುತಿಯು ಆಗಿಹೋಗಿದೆ, ಮುಂದಿದ್ದರೆ ಆಗಬೇಕಾಗಿದೆ. ಎರಡೂ ವಕ್ರವಾಗಿದ್ದರೆ ಈ ನಿರ್ಣಯವು ತಲೆಕೆಳಗಾಗುತ್ತದೆ. ಈ ವಿಧಿಯಲ್ಲಿ ಯಾವ ಗ್ರಹದಿಂದ ಎಣಿಕೆಯನ್ನು ಆರಂಭಿಸಬೇಕೆಂಬ ನಿಯಮವೇ ಇಲ್ಲ. ಏಕೆಂದರೆ ಅದರ ಅಗತ್ಯವೇ ಇಲ್ಲ. ಗುರುವಿನ ಸರಾಸರಿ ದಿನಗತಿ ಸುಮಾರು 5 ಕಲೆ, ಶನಿಯದು 2 ಕಲೆ. ಅಂತರ 3 ಕಲೆ. 21600ನ್ನು 3ರಿಂದ ಭಾಗಿಸಿದರೆ 7200 ದಿನ, ಅಂದರೆ ಸುಮಾರು ಇಪ್ಪತ್ತು ವರ್ಷ. ಗುರು ಶನಿಗಳು 2000ದ ಮೇ ತಿಂಗಳಿನಲ್ಲಿ ಕೂಡಿದುವು. ಮತ್ತೆ 2020ರ ಡಿಸೆಂಬರ್ 21ರ ಸಂಜೆ ಪಶ್ಚಿಮಾಕಾಶದಲ್ಲಿ ಒಂದನ್ನೊಂದು ಮುಟ್ಟಿದಂತೆ ತೋರಿದುವು. ಗುರುವು ಶನಿಯನ್ನು ಹಿಡಿಯಿತೆಂದರೂ ಸರಿ, ಶನಿಯು ಗುರುವಿನ ಕಡೆಗೆ ಹಿಮ್ಮೆಟ್ಟಿತೆಂದರೂ ಸರಿ, ದಿನ ಮಾತ್ರ ಅದೇ.

ವಕ್ರಗತಿಯ ಮಾತು ಮಕ್ಕಳಿಗೆ ಅರ್ಥವಾಗಲು ಆಕಾಶಕ್ಕೆ ಹೋಗಬೇಕಾಗಿಲ್ಲ. ಶಿರಸಿ ಯಲ್ಲಾಪುರದ ದಾರಿಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದ ಬಸ್ಸೊಂದು, 30 ಕಿಲೋಮೀಟರ್ ವೇಗದ ಲಾರಿಯೊಂದು ಒಂದೇ ದಿಕ್ಕಿಗೆ ಹೋಗುತ್ತಿದ್ದರೆ ಅವುಗಳ ನಡುವಣ ವೇಗ 10. ಬಸ್ಸಿನವನಿಗೆ ಲಾರಿಯು ಹತ್ತರ ವೇಗದಲ್ಲಿ ಹಿಂದಕ್ಕೆ ಜಾರುತ್ತದೆ. ಲಾರಿಯವನಿಗೆ ಬಸ್ಸು ಹತ್ತರ ವೇಗದಲ್ಲಿ ಮುಂದಕ್ಕೆ ಸಾಗುತ್ತದೆ. ಅವೇ ಎರಡು ಎದುರುಬದುರಾಗಿ ಬಂದರೆ ಇಬ್ಬರ ಪಾಲಿಗೂ ಆ ವೇಗ 70. ದೊಡ್ಡ ಬಂಡಿಗೊಂದು ಲೆಕ್ಕ, ಚಿಕ್ಕ ಬಂಡಿಗೊಂದು ಲೆಕ್ಕ ಎಂಬುದಿಲ್ಲ.

ಆಚಾರ್ಯರು ಇನ್ನೂ ಸೂಕ್ಷ್ಮಕ್ಕೆ ಇಳಿದರು. ಗ್ರಹದ ಗತಿಯು ದಿನವಿಡೀ ಒಂದೇ ಸಮನಾಗಿರುವುದಿಲ್ಲ. ಶೀಘ್ರಗಾಮಿಯಾದ ಚಂದ್ರನ ವಿಷಯದಲ್ಲಂತೂ ಕ್ಷಣಕ್ಷಣಕ್ಕೂ ವ್ಯತ್ಯಾಸ. ಆದುದರಿಂದ ನಿನ್ನೆಗೂ ಇಂದಿಗೂ ನಡುವಣ ಸ್ಥೂಲಗತಿಯು ಸಾಲದು, ಆ ಕ್ಷಣದ ಗತಿಯೇ ಬೇಕೆಂದು ತಾತ್ಕಾಲಿಕ ಗತಿಯನ್ನು ಕೋಟಿಜ್ಯೆಯ ಮೂಲಕ ಸಾಧಿಸಿದರು. ಯೂರೋಪಿನಲ್ಲಿ ನ್ಯೂಟನ್ ಮತ್ತು ಲೈಬ್ನಿಟ್ಸ್ ಚಲನಕಲನವನ್ನು ಬೆಳೆಸುವುದಕ್ಕೆ ಐದು ಶತಮಾನ ಮೊದಲಿನ ಮಾತಿದು.

ಕುಂಬಾರನ ತಿಗರಿ, ನೀರಿನ ನೆರಳು

ಕಠಿನ ವಿಷಯವನ್ನು ಕಣ್ಣಮುಂದಿನ ವಸ್ತುವಿನಿಂದ ತಿಳಿಯಪಡಿಸುವುದರಲ್ಲಿ ಭಾಸ್ಕರಾಚಾರ್ಯರು ಸಿದ್ಧಹಸ್ತರು. ಗ್ರಹಗಳು ಪೂರ್ವಕ್ಕೆ ಚಲಿಸುತ್ತವೆಯೆಂದು ಶಾಸ್ತ್ರ ಹೇಳುತ್ತದೆ. ಕಣ್ಣಿಗೆ ಅವು ಪಶ್ಚಿಮಕ್ಕೆ ಹೋಗಿ ಮುಳುಗುತ್ತವೆ. ಈ ವಿರೋಧವನ್ನು ಪರಿಹರಿಸಲು ಅವರು ಕುಂಬಾರನ ತಿಗರಿಯನ್ನು ತಂದರು. ತಿಗರಿಯು ಒಂದು ದಿಕ್ಕಿಗೆ ರಭಸದಿಂದ ತಿರುಗುತ್ತಿದೆ. ಅದರ ಮೇಲೆ ಹುಳುವೊಂದು ಎದುರು ದಿಕ್ಕಿಗೆ ಮೆಲ್ಲನೆ ತೆವಳುತ್ತಿದೆ. ನೋಡುವವನಿಗೆ ಹುಳುವಿನ ನಡಿಗೆ ತೋರುವುದೇ ಇಲ್ಲ. ಅದು ತಿಗರಿಯೊಡನೆ ಸುತ್ತುವುದು ಮಾತ್ರ ತೋರುತ್ತದೆ. ನಕ್ಷತ್ರಚಕ್ರವು ತಿಗರಿ, ಗ್ರಹಗಳು ಹುಳುಗಳು. ಹುಳುವಿನ ನಡಿಗೆಯನ್ನು ಹಿಡಿಯುವ ಬಗೆ ಯಾವುದು? ಚಂದ್ರನು ದಿನದಿನಕ್ಕೂ ಸುಮಾರು ಎರಡು ಘಳಿಗೆ ತಡವಾಗಿ ಉದಯಿಸುವುದನ್ನು ಗಮನಿಸಿದವನಿಗೆ ಆ ನಡಿಗೆ ಸಿಕ್ಕಿತು.

ಇದಕ್ಕಿಂತಲೂ ಮನೋಹರವಾದುದು ಗೋಲಾಧ್ಯಾಯದ ಭುವನಕೋಶದಲ್ಲಿ ಬರುವ ಮನುಷ್ಯರ ವರ್ಣನೆ. ಭೂಮಿಯು ಚೆಂಡಿನಂತೆ ಗೋಲವಾಗಿದ್ದರೆ ಕೆಳಗಿನವರು ತಲೆಕೆಳಗಾಗಿ ಬೀಳುವುದಿಲ್ಲವೇ ಎಂಬ ಶಂಕೆಗೆ ಆಚಾರ್ಯರ ಸಮಾಧಾನ ಇದು. ಯಾರು ಎಲ್ಲಿ ನಿಂತಿರುವರೋ ಅವರು ಭೂಮಿಯು ತಮ್ಮ ಕೆಳಗಿದೆ, ತಾವು ಅದರ ಮೇಲಿದ್ದೇವೆ ಎಂದೇ ಭಾವಿಸುತ್ತಾರೆ. ಭೂಪರಿಧಿಯ ಕಾಲುಭಾಗ ದೂರದಲ್ಲಿರುವ ಇಬ್ಬರು ಒಬ್ಬರನ್ನೊಬ್ಬರು ಅಡ್ಡಡ್ಡಲಾಗಿ ನಿಂತವರೆಂದು ಬಗೆಯುತ್ತಾರೆ. ಅರ್ಧಪರಿಧಿಯ ದೂರದಲ್ಲಿರುವವರು ನೀರಿನ ದಡದಲ್ಲಿ ನಿಂತವನಿಗೂ ಅವನ ನೆರಳಿಗೂ ಇರುವ ಸಂಬಂಧದಂತೆ ಪರಸ್ಪರ ತಲೆಕೆಳಗಾಗಿ ತೋರುತ್ತಾರೆ. ಆದರೂ ಇಲ್ಲಿ ನಾವು ಹೇಗೆ ನೆಮ್ಮದಿಯಾಗಿರುವೆವೋ ಅಲ್ಲಿ ಅವರೂ ಹಾಗೆಯೇ ಇದ್ದಾರೆ. ಬನವಾಸಿಯಲ್ಲಿ ವರದೆಯ ದಡದಲ್ಲಿ ನಿಂತು ತನ್ನ ನೆರಳನ್ನು ನೋಡಿದ ಯಾವ ವಿದ್ಯಾರ್ಥಿಗೂ ಈ ಹೋಲಿಕೆ ಹೊಸದೆನಿಸದು. ಮೇಲು ಕೆಳಗು ಎಂಬುದು ವಸ್ತುವಿನ ಗುಣವಲ್ಲ, ಇಬ್ಬರ ನಡುವಣ ಸಂಬಂಧ; ನಾನು ಮೇಲೆಂದು ಹೇಳುವ ಹಕ್ಕು ನನಗಿದ್ದಷ್ಟೇ ಅವನಿಗೂ ಇದೆ. ಗಣಿತವು ಕಲಿಸುವ ವಿನಯಕ್ಕೆ ಇದಕ್ಕಿಂತ ಮೇಲಾದ ಉದಾಹರಣೆ ದುರ್ಲಭ.

ಆಚಾರ್ಯರು ನಿಂತ ಎಡೆ

ಇಷ್ಟು ದೂರ ಬಂದ ಆಚಾರ್ಯರು ಒಂದು ಕಡೆ ನಿಂತರು. ಅದನ್ನು ಮರೆಮಾಚುವುದು ಅವರಿಗೆ ಸಲ್ಲಿಸುವ ಗೌರವವಾಗದು.

ಭಾಸ್ಕರರಿಗಿಂತ ಆರೂವರೆ ಶತಮಾನ ಹಿಂದೆ, ಕ್ರಿ.ಶ. 499ರ ಕಾಲದಲ್ಲಿ, ಆರ್ಯಭಟರು ದೋಣಿಯ ದೃಷ್ಟಾಂತವನ್ನು ಹೇಳಿದ್ದರು. ಮುಂದಕ್ಕೆ ಸಾಗುವ ದೋಣಿಯಲ್ಲಿ ಕುಳಿತವನಿಗೆ ದಡದ ಅಚಲವಸ್ತುಗಳು ಹಿಂದಕ್ಕೆ ಸರಿಯುವಂತೆ ಕಾಣುತ್ತವೆ. ಅದರಂತೆಯೇ ಅಚಲವಾದ ನಕ್ಷತ್ರಗಳು ಪಶ್ಚಿಮಕ್ಕೆ ಹೋಗುವಂತೆ ಕಾಣುತ್ತವೆ. ತಿರುಗುತ್ತಿರುವುದು ಆಕಾಶವಲ್ಲ, ಭೂಮಿ ಎಂಬುದು ಇದರ ಇಂಗಿತ. ಬ್ರಹ್ಮಗುಪ್ತರು ಇದನ್ನು ಒಪ್ಪಲಿಲ್ಲ. ಲಲ್ಲಾಚಾರ್ಯರೂ ಒಪ್ಪದೆ, ಭೂಮಿಯು ತಿರುಗುವುದಾದರೆ ಗೂಡು ಬಿಟ್ಟ ಹಕ್ಕಿಗಳು ಮರಳಿ ಗೂಡು ಸೇರುವುದು ಹೇಗೆ, ಮೇಲಕ್ಕೆ ಬಿಟ್ಟ ಬಾಣವು ಪಶ್ಚಿಮದಲ್ಲಿ ಬೀಳಬೇಕಲ್ಲವೇ ಎಂದು ಆಕ್ಷೇಪಿಸಿದರು. ಭಾಸ್ಕರಾಚಾರ್ಯರೂ ಈ ಪರಂಪರೆಯಲ್ಲಿಯೇ ನಡೆದರು. ಬೆಂಕಿಗೆ ಉಷ್ಣತೆ, ನೀರಿಗೆ ದ್ರವತ್ವ, ಕಲ್ಲಿಗೆ ಕಾಠಿನ್ಯ ಹೇಗೆ ಸ್ವಭಾವವೋ, ಗಾಳಿಗೆ ಚಲನೆ ಹೇಗೆ ಸ್ವಭಾವವೋ, ಹಾಗೆ ಭೂಮಿಗೆ ಅಚಲತೆ ಸ್ವಭಾವವೆಂದು ಅವರ ಅಭಿಪ್ರಾಯ. ನಕ್ಷತ್ರಚಕ್ರವನ್ನು ಪ್ರವಹವೆಂಬ ವಾಯುವು ತಿರುಗಿಸುತ್ತದೆಂದು ಅವರು ಒಪ್ಪಿದರು.

ಭೂಮಿಯು ನಿರಂತರವಾಗಿ ಕೆಳಕ್ಕೆ ಬೀಳುತ್ತಿದೆಯೆಂಬ ಬೌದ್ಧಪಕ್ಷವನ್ನು ಅವರು ಎರಡು ಯುಕ್ತಿಗಳಿಂದ ಖಂಡಿಸಿದರು. ಒಂದು: ಮೇಲಕ್ಕೆಸೆದ ಭಾರವಾದ ವಸ್ತುವು ಮರಳಿ ಭೂಮಿಗೆ ಬಂದು ಸೇರುವುದನ್ನು ಕಂಡೂ ಭೂಮಿಯು ಬೀಳುತ್ತಿದೆಯೆನ್ನುವುದು ವ್ಯರ್ಥ. ಇನ್ನೊಂದು: ಭೂಮಿಯ ಸುತ್ತಲೂ ಆಕಾಶವು ಸಮವಾಗಿರುವಾಗ ಅದು ಯಾವ ಕಡೆಗೆ ಬೀಳಬೇಕು? ವಸ್ತುಗಳು ಬೀಳುವಂತೆ ತೋರುವುದು ಭೂಮಿಯು ತನ್ನ ಶಕ್ತಿಯಿಂದ ಅವುಗಳನ್ನು ತನ್ನೆಡೆಗೆ ಸೆಳೆಯುವುದರಿಂದ. ಎರಡನೆಯ ಯುಕ್ತಿಯು ಇಂದಿಗೂ ಬೆಳಗುತ್ತದೆ. ಮೊದಲನೆಯದರಲ್ಲಿ ಒಂದು ಎಡವಟ್ಟಿದೆ. ಕೈಯಲ್ಲಿರುವ ಕಲ್ಲು ಭೂಮಿಯ ಗತಿಯನ್ನು ಆಗಲೇ ಹಂಚಿಕೊಂಡಿರುತ್ತದೆ. ಮೇಲಕ್ಕೆ ಎಸೆದೊಡನೆ ಅದು ಆ ಗತಿಯನ್ನು ಕಳೆದುಕೊಳ್ಳುವುದಿಲ್ಲ. ಭೂಮಿಯು ಸಮವೇಗದಿಂದ ಎತ್ತ ಸಾಗುತ್ತಿದ್ದರೂ ಎಸೆದವನಿಗೂ ಕಲ್ಲಿಗೂ ನಡುವಣ ವೇಗದಲ್ಲಿ ಅದು ಕಾಣಿಸಿಕೊಳ್ಳದು. ಇಬ್ಬರಿಗೂ ಸಾಮಾನ್ಯವಾದದ್ದು ಕಳೆಯುವಾಗ ಲೋಪವಾಗುತ್ತದೆ. ಯುತಿಯ ಲೆಕ್ಕದಲ್ಲಿ ಅಂತರವೊಂದನ್ನೇ ಉಳಿಸಿಕೊಂಡು ಮಿಕ್ಕಿದ್ದನ್ನೆಲ್ಲ ಬಿಟ್ಟವರು ಆಚಾರ್ಯರೇ. ಅದೇ ಸೂತ್ರವನ್ನು ಕೈಯ ಕಲ್ಲಿಗೂ ಕಾಲಡಿಯ ನೆಲಕ್ಕೂ ಅನ್ವಯಿಸುವ ಹೆಜ್ಜೆಯೊಂದು ಉಳಿಯಿತು.

ಆ ಹೆಜ್ಜೆಯನ್ನು ಲೋಕವು ಬಹುಕಾಲದ ಮೇಲೆ ಇಟ್ಟಿತು. ಸಮವೇಗದಿಂದ ಸಾಗುವ ಹಡಗಿನ ಮುಚ್ಚಿದ ಕೋಣೆಯಲ್ಲಿರುವವನು ಒಳಗಿನ ಯಾವ ಪ್ರಯೋಗದಿಂದಲೂ ಹಡಗು ಚಲಿಸುತ್ತಿದೆಯೇ ನಿಂತಿದೆಯೇ ಎಂದು ಹೇಳಲಾರನೆಂದು ಇಟಲಿಯ ಗೆಲಿಲಿಯೋ 1632ರ ತನ್ನ ಗ್ರಂಥದಲ್ಲಿ ನಿರೂಪಿಸಿದನು. 1640ರಲ್ಲಿ ಫ್ರಾನ್ಸಿನ ಗಸೆಂದಿಯು ಸಾಗುವ ಹಡಗಿನ ಕೂವೆಕಂಬದ ಮೇಲಿನಿಂದ ಕಲ್ಲನ್ನು ಬೀಳಿಸಿ, ಅದು ಹಿಂದುಳಿಯದೆ ಕಂಬದ ಬುಡದಲ್ಲಿಯೇ ಬೀಳುವುದನ್ನು ತೋರಿಸಿದನು. ಶಿರಸಿ ಸಿದ್ದಾಪುರಗಳ ತೋಟದಲ್ಲಿ ಮರದ ತುದಿಯಿಂದ ಕಳಚಿದ ಅಡಿಕೆಯು ಆ ಮರದ ಬುಡದಲ್ಲಿಯೇ ಬೀಳುತ್ತದೆ. ಈ ಅಕ್ಷಾಂಶದಲ್ಲಿ ನೆಲವು ಗಂಟೆಗೆ ಸುಮಾರು 1600 ಕಿಲೋಮೀಟರ್ ವೇಗದಿಂದ ಪೂರ್ವಕ್ಕೆ ತಿರುಗುತ್ತಿದೆ. ಮರವೂ ಅಡಿಕೆಯೂ ಬೀಳುವುದನ್ನು ನೋಡುವವನೂ ಅದೇ ವೇಗವನ್ನು ಹೊಂದಿರುವುದರಿಂದ ಅದು ಯಾರ ಅರಿವಿಗೂ ಬರುವುದಿಲ್ಲ. ಲಲ್ಲರ ಹಕ್ಕಿಯು ಗೂಡು ಸೇರುವ ರಹಸ್ಯವೂ ಇದೇ.

ಇಲ್ಲಿ ವಿದ್ಯಾರ್ಥಿಗಳು ಒಂದು ಸೂಕ್ಷ್ಮವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಎರಡು ವಸ್ತುಗಳ ನಡುವಣ ವೇಗ ಪರಸ್ಪರ ಸಮಾನವೆಂದ ಮಾತ್ರಕ್ಕೆ ಭೂಮಿ ತಿರುಗುತ್ತದೆಂದರೂ ಆಕಾಶ ತಿರುಗುತ್ತದೆಂದರೂ ಒಂದೇ ಎಂದು ತೀರ್ಮಾನಿಸಬಾರದು. ಉದಯಾಸ್ತಗಳ ಲೆಕ್ಕಕ್ಕೆ ಎರಡೂ ಒಂದೇ. ಆದುದರಿಂದಲೇ ಭೂಮಿಯನ್ನು ಅಚಲವೆಂದು ಬಗೆದ ಪಂಚಾಂಗಗಳಲ್ಲಿ ಗ್ರಹಣಗಳು ತಪ್ಪಲಿಲ್ಲ. ಆದರೆ ಸಮಾನತೆಯು ನೇರವಾದ ಸಮವೇಗಕ್ಕೆ ಸಂಬಂಧಿಸಿದ್ದು. ಬಸ್ಸು ಥಟ್ಟನೆ ನಿಂತಾಗ ಮುಗ್ಗರಿಸುವವನು ಬಸ್ಸಿನೊಳಗಿನವನು, ರಸ್ತೆಯ ಬದಿಯಲ್ಲಿ ನಿಂತವನಲ್ಲ. ವೇಗವು ಬದಲಾಗುವಲ್ಲಿ, ದಿಕ್ಕು ತಿರುಗುವಲ್ಲಿ, ಇಬ್ಬರ ಸ್ಥಿತಿಯೂ ಸಮವಲ್ಲ. ತಿರುಗುವವನು ಯಾರೆಂಬುದಕ್ಕೆ ಗುರುತು ದೊರೆಯುತ್ತದೆ. 1851ರಲ್ಲಿ ಪ್ಯಾರಿಸ್ ನಗರದಲ್ಲಿ ಫೂಕೋ ಎಂಬ ವಿಜ್ಞಾನಿಯು ಉದ್ದವಾದ ತಂತಿಗೆ ಭಾರವಾದ ಗುಂಡನ್ನು ತೂಗಿಬಿಟ್ಟು, ಅದು ಓಲಾಡುವ ರೇಖೆಯು ಗಂಟೆಗಂಟೆಗೂ ಸರಿಯುವುದನ್ನು ತೋರಿಸಿ, ತಿರುಗುವುದು ಭೂಮಿಯೇ ಎಂದು ಆಕಾಶವನ್ನು ನೋಡದೆಯೇ ಸ್ಥಾಪಿಸಿದನು. ಆರ್ಯಭಟರ ದೋಣಿ ಹೀಗೆ ದಡ ಸೇರಿತು.

1905ರಲ್ಲಿ ಐನ್‌ಸ್ಟೈನ್ ಮಹಾಶಯನು ವೇಗಗಳನ್ನು ಕೂಡಿಸುವ ಹಳೆಯ ನಿಯಮವನ್ನೇ ತಿದ್ದಿದನು. ಬೆಳಕಿನ ವೇಗದ ಮುಕ್ಕಾಲರಷ್ಟು ವೇಗದಿಂದ ಎದುರುಬದುರಾಗಿ ಬರುವ ಎರಡು ವಸ್ತುಗಳ ಪರಸ್ಪರ ವೇಗವು ಬೆಳಕಿನ ಒಂದೂವರೆಯಷ್ಟಾಗದು. ಇಪ್ಪತ್ತೈದರಲ್ಲಿ ಇಪ್ಪತ್ತನಾಲ್ಕು ಪಾಲಷ್ಟೇ ಆಗುತ್ತದೆ. ಕೂಡಿಸುವ ಬಗೆಯು ಬದಲಾಯಿತು. ಆದರೆ ಇವನ ಪಾಲಿಗೆ ಅವನ ವೇಗವೆಷ್ಟೋ ಅವನ ಪಾಲಿಗೆ ಇವನ ವೇಗವೂ ಅಷ್ಟೇ ಎಂಬ ಸಮಾನತೆ ಅಲ್ಲಿಯೂ ಕೆಡಲಿಲ್ಲ.

ತಿದ್ದುವುದೂ ಗುರುಭಕ್ತಿಯೇ

ಆಚಾರ್ಯರು ನಿಂತ ಎಡೆಯನ್ನು ತೋರಿಸುವುದು ಅವರನ್ನು ಕುಂದಿಸುವುದಕ್ಕಲ್ಲ. ಪೂರ್ವಾಚಾರ್ಯರನ್ನು ಹೇಗೆ ಕಾಣಬೇಕೆಂಬುದಕ್ಕೆ ಅವರೇ ಮಾರ್ಗದರ್ಶಕರು. ಲಲ್ಲಾಚಾರ್ಯರ ಶಿಷ್ಯಧೀವೃದ್ಧಿದ ತಂತ್ರಕ್ಕೆ ಭಕ್ತಿಯಿಂದ ವಿವರಣೆ ಬರೆದವರು ಭಾಸ್ಕರರು. ಗೋಲದ ಮೇಲ್ಮೈಯ ಕ್ಷೇತ್ರಫಲವನ್ನು ಲಲ್ಲರು ತಪ್ಪಾಗಿ ಹೇಳಿದಾಗ ಅದನ್ನು ಮುಚ್ಚಿಡದೆ ತೋರಿಸಿದವರೂ ಅವರೇ. ವೃತ್ತದ ಕ್ಷೇತ್ರಫಲವನ್ನು ಪರಿಧಿಯಿಂದ ಗುಣಿಸಬೇಕೆಂದಿದ್ದರು ಲಲ್ಲರು. ಪರಿಧಿಯನ್ನು ವ್ಯಾಸದಿಂದ ಗುಣಿಸಬೇಕೆಂದು ಭಾಸ್ಕರರು ತಿದ್ದಿ, ಚೆಂಡಿನ ಮೇಲೆ ಹೊದಿಸಿದ ಬಲೆಯ ದೃಷ್ಟಾಂತದಿಂದ ಅದನ್ನು ಮನಗಾಣಿಸಿದರು. ಬ್ರಹ್ಮಗುಪ್ತರನ್ನು ಬಹಳವಾಗಿ ಆದರಿಸಿದರೂ, ಉಪಪತ್ತಿಯಿಲ್ಲದ ಮಾತನ್ನು ವಿದ್ವತ್ಸಭೆಯಲ್ಲಿ ಒಪ್ಪಲಾಗದೆಂಬುದು ಅವರ ನಿಲುವು. ಅವರ ಶಿಷ್ಯರೆನಿಸಿಕೊಳ್ಳಬೇಕಾದವರು ಅವರ ಮಾತಿಗೂ ಅದೇ ಅಳತೆಗೋಲನ್ನು ಹಿಡಿಯಬೇಕು.

ಉತ್ತರ ಜೀವನ ಮತ್ತು ಕೀರ್ತಿ

ಕ್ರಿ.ಶ. 1183ರಲ್ಲಿ, ಅರುವತ್ತೊಂಬತ್ತನೆಯ ವಯಸ್ಸಿನಲ್ಲಿ, ಆಚಾರ್ಯರು ಕರಣಕುತೂಹಲವೆಂಬ ಚಿಕ್ಕ ಗ್ರಂಥವನ್ನು ಬರೆದರು. ಪಂಚಾಂಗ ಮಾಡುವವರಿಗೆ ದೊಡ್ಡ ಸಿದ್ಧಾಂತವನ್ನು ತಿರುವುವ ಶ್ರಮ ತಪ್ಪಲೆಂದು ಸಿದ್ಧಮಾಡಿದ ಕೈಪಿಡಿ ಅದು. ಮೂವತ್ತಾರರಲ್ಲಿ ಶಿಖರವನ್ನೇರಿದವರು ಎಪ್ಪತ್ತರ ಹೊಸ್ತಿಲಲ್ಲಿ ಸಾಮಾನ್ಯ ಗಣಕನ ಅನುಕೂಲಕ್ಕಾಗಿ ಕೆಳಗಿಳಿದು ಬಂದುದು ಅವರ ದೊಡ್ಡತನ.

ಅವರ ಮಗ ಲಕ್ಷ್ಮೀಧರರನ್ನು ಯಾದವ ದೊರೆ ಜೈತ್ರಪಾಲನು ಕರೆದೊಯ್ದು ತನ್ನ ಆಸ್ಥಾನದ ವಿದ್ವಾಂಸರಲ್ಲಿ ಅಗ್ರಗಣ್ಯರನ್ನಾಗಿ ಮಾಡಿದನು. ಮೊಮ್ಮಗ ಚಂಗದೇವರು ಯಾದವ ಸಿಂಘಣನ ಜ್ಯೋತಿಷಿಗಳಾದರು. ಅಜ್ಜನ ಸಿದ್ಧಾಂತಶಿರೋಮಣಿ ಮೊದಲಾದ ಗ್ರಂಥಗಳ ಪಾಠಪ್ರವಚನ ನಿಲ್ಲದೆ ನಡೆಯಬೇಕೆಂದು ಚಂಗದೇವರು ಪಾಟಣದಲ್ಲಿ ಒಂದು ಮಠವನ್ನು ಸ್ಥಾಪಿಸಿದರು. ನಿಕುಂಭ ವಂಶದ ಸೋಯಿದೇವ, ಹೇಮಾಡಿದೇವರೆಂಬ ಅಧಿಪತಿಗಳು ಅದಕ್ಕೆ ದತ್ತಿ ಕೊಟ್ಟರು. 1207ರ ಆ ಶಾಸನವು ಒಂದು ಮಠವು ಗಣಿತಪಾಠಕ್ಕಾಗಿಯೇ ಹುಟ್ಟಿತೆಂಬುದಕ್ಕೆ ಕಲ್ಲಿನ ಸಾಕ್ಷಿ. ಮಠಗಳು ಅನ್ನದೊಡನೆ ಅಕ್ಷರವನ್ನೂ ನೀಡುತ್ತ ಬಂದ ಈ ನಾಡಿನಲ್ಲಿ ಆ ಶಾಸನವು ವಿಶೇಷವಾಗಿ ಸ್ಮರಣಾರ್ಹ.

ಲೀಲಾವತಿಯು ಮುಂದೆ ಭಾರತದ ಉದ್ದಗಲಕ್ಕೂ ಪಾಠಪುಸ್ತಕವಾಯಿತು. 1545ರಲ್ಲಿ ಗಣೇಶ ದೈವಜ್ಞರು ಅದಕ್ಕೆ ಬುದ್ಧಿವಿಲಾಸಿನಿ ಎಂಬ ವ್ಯಾಖ್ಯಾನವನ್ನು ಬರೆದರು. 1817ರಲ್ಲಿ ಕೋಲ್‌ಬ್ರೂಕ್ ಸಾಹೇಬರ ಅನುವಾದದಿಂದ ಲೀಲಾವತಿ ಮತ್ತು ಬೀಜಗಣಿತಗಳು ಇಂಗ್ಲಿಷ್ ಓದುಗರಿಗೆ ದೊರೆತುವು. 1861ರಲ್ಲಿ ವಿಲ್ಕಿನ್‌ಸನ್ ಅವರು ಮಾಡಿದ್ದ ಗೋಲಾಧ್ಯಾಯದ ಅನುವಾದವು ಕಾಶಿಯ ಬಾಪೂದೇವಶಾಸ್ತ್ರಿಗಳ ಪರಿಷ್ಕಾರದೊಡನೆ ಅಚ್ಚಾಯಿತು. 1979ರ ಜೂನ್ 7ರಂದು ಭಾರತದ ಎರಡನೆಯ ಕೃತಕ ಉಪಗ್ರಹವು ಭಾಸ್ಕರನೆಂಬ ಹೆಸರನ್ನು ಹೊತ್ತು ಬಾನಿಗೇರಿತು. ಭೂಮಿಯನ್ನು ಅಚಲವೆಂದು ಬಗೆದ ಆಚಾರ್ಯರ ಹೆಸರನ್ನು ಹೊತ್ತ ಯಂತ್ರವು, ತಿರುಗುವ ಭೂಮಿಯನ್ನು ಮೇಲಿನಿಂದ ನೋಡುತ್ತ ಸುತ್ತಿತು.

ಇಬ್ಬರ ನಡುವೆ ಅಂತರ ಬಿದ್ದಾಗ ದೂರ ಸರಿದವನು ಅವನೇ ಎಂದು ಹೇಳುವುದು ಲೋಕದ ರೂಢಿ. ಲೆಕ್ಕವು ಹಾಗೆ ಹೇಳುವುದಿಲ್ಲ. ಅವನು ನನ್ನಿಂದ ಎಷ್ಟು ದೂರವೋ ನಾನೂ ಅವನಿಂದ ಅಷ್ಟೇ ದೂರ. ಅವನು ಎಷ್ಟು ಬೇಗ ಸರಿಯುತ್ತಿರುವನೋ ನಾನೂ ಅಷ್ಟೇ ಬೇಗ ಸರಿಯುತ್ತಿರುವೆನು. ನಿಜವಾಗಿ ಕದಲಿದವರು ಯಾರೆಂಬುದನ್ನು ತಿಳಿಯಲು ಅಂತರವೊಂದೇ ಸಾಲದು, ಬೇರೆ ಸಾಕ್ಷ್ಯವನ್ನು ಹುಡುಕಬೇಕು. ಸಾಕ್ಷ್ಯ ಸಿಕ್ಕಿದಾಗ, ತಿರುಗುತ್ತಿರುವುದು ತನ್ನ ಕಾಲಡಿಯ ನೆಲವೇ ಆಗಿದ್ದರೂ, ಅದನ್ನು ಒಪ್ಪುವ ಧೈರ್ಯ ಬೇಕು. ಭಾಸ್ಕರಾಚಾರ್ಯರ ಸೂತ್ರವನ್ನು ಕಲಿಯುವ ಮಕ್ಕಳು ಅದರೊಡನೆ ಈ ಎರಡು ಗುಣಗಳನ್ನೂ ಕಲಿತರೆ ಆ ಮಹಾಚಾರ್ಯರ ಸ್ಮರಣೆ ಸಾರ್ಥಕವಾದೀತು.